ತಿಯಾಮಿಯುವಿನ ನಡಿಗೆ

"ಅಲ್ಲ ಮಾರಾಯ, ನೀನು ಅವನಾಗ್ತೀಯ, ಅವನು ನೀನಾಗ್ತಾನೆ. ಇದ್ರಲ್ಲಿ ತಿಳೀದೆ ಇರೋದೇನಿದೆ?" ಎಂದು ನಿರ್ದೇಶಕ ಮುರೈನಾ ಮೂರನೆಯ ಸಲ ಹೇಳಿ, ಬಾಯಲ್ಲಿದ್ದ ಕೋಲಾ ಬೀಜದ ಚೂರನ್ನು ಎಡ ದವಡೆಯಿಂದ ಬಲ ದವಡೆಗೆ ಸರಿಸಿದ.

ಲಾಸುಪೊನಿಗೆ ಮೊದಲನೆಯ ಸಲವೇ ತಿಳಿದಿತ್ತು. ಕೇಳಿದ ಮಾತು ಹೊಟ್ಟೆಗೆ ಇಳಿಯಲಿ ಎಂದು ಕಾಲ ತಳ್ಳುತ್ತಿದ್ದ, ಅಷ್ಟೆ.

ಸಿನಿಮಾದ ಕಥೆ ಸುಲಭದ್ದೇ. ಒಬ್ಬ ಹೆಗ್ಗೆಣಸಿನ ಹಿಟ್ಟಿನ ಸಾಹುಕಾರ, ಅದು ತಿಯಾಮಿಯು; ಅವನ ಕಾರಿಗೊಬ್ಬ ಡ್ರೈವರ್, ಅದು ಲಾಸುಪೊ. ಇಬ್ಬರೂ ನಾಟಿ ವೈದ್ಯನ ಮನೆಗೆ ಹೋದಾಗ ಒಂದೇ ಕೊಡದ ನೀರನ್ನು ಒಟ್ಟಿಗೇ ಬಗ್ಗಿ ನೋಡುತ್ತಾರೆ. ಸಾಹುಕಾರನ ಮನಸ್ಸು ಡ್ರೈವರಿನ ಮೈಗೂ ಡ್ರೈವರಿನ ಮನಸ್ಸು ಸಾಹುಕಾರನ ಮೈಗೂ ಜಾರಿಬೀಳುತ್ತದೆ. ಅಲ್ಲಿಂದ ಮುಂದೆ ಸಾಹುಕಾರ ತನ್ನ ಕಾರನ್ನು ತಾನೇ ತೊಳೆಯುತ್ತಾನೆ, ಡ್ರೈವರ್ ಸಂತೆಯಲ್ಲಿ ನಿಂತು ದರ ಕೂಗುತ್ತಾನೆ. ನಡುನಡುವೆ ಇಬ್ಬರೂ ಒಬ್ಬರ ತಲೆಯೊಳಗೊಬ್ಬರು ದಾರಿ ತಪ್ಪಿ ಅಲೆಯುವ ದೃಶ್ಯಗಳಿದ್ದವು. ಅದಕ್ಕೆಂದೇ ಮುರೈನಾ ಇಬಾದಾನ್ ನಗರದ ಬೋದಿಜಾ ಬಡಾವಣೆಯಲ್ಲಿ ಅರ್ಧ ಕಟ್ಟಿ ಬಿಟ್ಟಿದ್ದ ಎರಡಂತಸ್ತಿನ ಮನೆಯೊಂದನ್ನು ಹಿಡಿದು, ಒಂದು ಕೋಣೆಯ ತುಂಬ ಕೋಳಿ ಬಿಟ್ಟಿದ್ದ. ಇನ್ನೊಂದರಲ್ಲಿ ಮಾಡಿನಿಂದ ನೂರಾರು ಹಳೆಯ ಚಪ್ಪಲಿ ತೂಗುಹಾಕಿದ್ದ. ಡ್ರೈವರಿನ ತಲೆಯೊಳಗೆ ಚಪ್ಪಲಿ ಯಾಕೆ ಎಂದು ಕೇಳಿದವರಿಗೆ, "ನಿನ್ನ ತಲೇಲಿ ಏನಿದೆ ಅಂತ ತೆಗೆದು ತೋರಿಸು, ಆಮೇಲೆ ಹೇಳ್ತೀನಿ" ಎನ್ನುತ್ತಿದ್ದ.

"ಇಪ್ಪತ್ತೈದು ವರ್ಷದಿಂದ ಜನ ನಿಮ್ಮಿಬ್ರನ್ನೂ ನೋಡ್ತಿದಾರೆ. ತಿಯಾಮಿಯು ಹೇಗೆ ನಡೀತಾನೆ, ಲಾಸುಪೊ ಹೇಗೆ ಕೆಮ್ತಾನೆ, ಮಕ್ಕಳಿಗೂ ಗೊತ್ತು. ಸಾಹುಕಾರ ಅಂತ ಬೇರೆ ಯಾರನ್ನೋ ಕಲ್ಪಿಸ್ಕೊಳ್ಳೋದು ಯಾಕೆ? ಮನಸ್ಸು ಅದಲುಬದಲು ಆದ್ಮೇಲೆ ನೀನು ತಿಯಾಮಿಯು ಥರಾನೇ ಮಾಡು, ಅವನು ನಿನ್ನ ಥರಾನೇ ಮಾಡ್ಲಿ. ಜನ ನೆಲಕ್ಕೆ ಬಿದ್ದು ಹೊರಳಾಡ್ತಾರೆ ನೋಡು."

"ಅವನು ಒಪ್ಪಿದ್ನಾ?"

"ಕುಣಿದಾಡಿಬಿಟ್ಟ."

ಕುಣಿಯದೆ ಏನು ಮಾಡುತ್ತಾನೆ, ಎಂದುಕೊಂಡ ಲಾಸುಪೊ.

ಇಬ್ಬರೂ ಬಾಬಾ ಅಕಿನ್ಲಾದೆಯವರ ನಾಟಕ ಕಂಪನಿಯಲ್ಲಿ ಬೆಳೆದವರು. ಲಾರಿಯ ಮೇಲೆ ಊರೂರು ತಿರುಗುತ್ತಿದ್ದ ಕಾಲದಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು. ಕಂಪನಿಗೆ ಲಾಸುಪೊ ಒಂದು ವರ್ಷ ಮೊದಲು ಬಂದವನಾದ್ದರಿಂದ ತಿಯಾಮಿಯು ಇಂದಿಗೂ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದ, ಕಂಡ ಕೂಡಲೆ ಬಗ್ಗಿ ಕೈ ನೆಲಕ್ಕೆ ಮುಟ್ಟಿಸುತ್ತಿದ್ದ. ಆ ಮರ್ಯಾದೆಯೇ ಲಾಸುಪೊನಿಗೆ ಹುಣ್ಣಿಗೆ ಉಪ್ಪು ಸವರಿದಂತಾಗುತ್ತಿತ್ತು. ಯಾಕೆಂದರೆ ತಿಯಾಮಿಯುವನ್ನು ತಿಯಾಮಿಯು ಮಾಡಿದ ಆ ಟೋಪಿಯಾಟ ಲಾಸುಪೊನದು. ಮಾತಿನ ಕೊನೆಗೆ ತಲೆ ಕೊಡವಿ, ಬಿದ್ದ ಟೋಪಿಯನ್ನು ಕಾಲಿನ ಹೆಬ್ಬೆರಳಿಂದ ಚಿಮ್ಮಿ ಮತ್ತೆ ತಲೆಗೇ ಕೂರಿಸುವ ಆಟ. ಮೂರು ತಿಂಗಳು ಹಿತ್ತಲಲ್ಲಿ ಸೋರೆಬುರುಡೆ ಚಿಮ್ಮಿ ಚಿಮ್ಮಿ ಕಲಿತದ್ದು. ಓಯೊ ಊರಿನಲ್ಲಿ ಚಳಿಜ್ವರ ಬಂದು ಮಲಗಿದ ದಿನ, ಆಟ ನಿಲ್ಲಬಾರದೆಂದು ಅದನ್ನು ತಿಯಾಮಿಯುಗೆ ತಾನೇ ಹೇಳಿಕೊಟ್ಟಿದ್ದ. ಅಂದು ರಂಗದ ಆ ಕಡೆಯಿಂದ ಎದ್ದ ನಗು ಇಳಿಯಲೇ ಇಲ್ಲ. ಮರುದಿನ ಲಾಸುಪೊ ಎದ್ದು ಟೋಪಿ ಚಿಮ್ಮಿದರೆ ಜನ, "ನೋಡ್ರೋ, ಇವನು ತಿಯಾಮಿಯು ಥರ ಮಾಡ್ತಾನೆ" ಎಂದರು. "ನನ್ನ ಟೋಪಿ ಕದ್ದು ನನಗೇ ಟೋಪಿ ಹಾಕಿದ" ಎಂದು ಲಾಸುಪೊ ಹೆಂಡತಿಯ ಹತ್ತಿರ ಎಷ್ಟು ಸಲ ಹೇಳಿದ್ದನೋ, ಅವಳು ಕೇಳುವುದನ್ನು ಬಿಟ್ಟು ವರ್ಷಗಳಾಗಿದ್ದವು.

ಕಂಪನಿ ಮುಚ್ಚಿತು, ವಿಡಿಯೊ ಸಿನಿಮಾ ಬಂತು. ತಿಯಾಮಿಯು ರಾಜನಾದ, ಸಾಹುಕಾರನಾದ, ಮೂರು ಹೆಂಡಿರ ಗಂಡನಾದ. ಲಾಸುಪೊ ಅವನ ಡ್ರೈವರ್, ಅವನ ಕಾವಲುಗಾರ, ಅವನಿಗೆ ಕಾಗದ ತಂದುಕೊಡುವವನು. ರಸ್ತೆಯಲ್ಲಿ ಬೈಕಿನವರು ಗುರುತು ಹಿಡಿದು ಕೂಗಿದರೂ, "ಏಯ್, ತಿಯಾಮಿಯು ಡ್ರೈವರ್!" ಎಂದೇ ಕೂಗುತ್ತಿದ್ದರು.

ಈಗ ಇವನಿಗೆ ಒಂದು ದಾರಿ ಸಿಕ್ಕಿತ್ತು. ಸರಿ, ತಿಯಾಮಿಯು ಆಗುತ್ತೇನೆ. ಆ ಡೋಲಿನೊಳಗೆ ಎಷ್ಟು ಗಾಳಿ ಇದೆ ಎಂದು ಇಡೀ ಊರಿಗೆ ತೋರಿಸುತ್ತೇನೆ.

ಮೊದಲ ದಿನ ಲಾಸುಪೊನ ದೃಶ್ಯವೇ ಮೊದಲು. ಸಾಹುಕಾರನ ಮನಸ್ಸು ಹೊಕ್ಕ ಡ್ರೈವರ್, ಯಜಮಾನನ ಬೆತ್ತದ ಕುರ್ಚಿಯಲ್ಲಿ ಕುಳಿತು ಎದ್ದು ಅಂಗಳ ದಾಟಬೇಕು. ಲಾಸುಪೊ ಎದೆ ಮುಂದೆ ಮಾಡಿದ. ತಿಯಾಮಿಯುವಿನಂತೆಯೇ ಕುರ್ಚಿಯಿಂದ ಏಳುವಾಗ 'ಹಾಹ್ಹಾ!' ಎಂದು ಸಿಡಿಲಿನಂತೆ ಒಮ್ಮೆ ನಕ್ಕ. ಆ ನಗು ಊರಿಗೆಲ್ಲ ಗೊತ್ತು. ಮದುವೆಮನೆಗಳಲ್ಲಿ ಜನ ಅದನ್ನು ಕೇಳಲೆಂದೇ ತಿಯಾಮಿಯುವನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಆಮೇಲೆ ಒಂದು ಭುಜ ಎತ್ತಿ, ಇನ್ನೊಂದು ಇಳಿಸಿ, ನೆಲವೇ ತನ್ನದೆನ್ನುವಂತೆ ಓಲಾಡುತ್ತ ನಡೆದ. ಜನರೇಟರಿನ ಹತ್ತಿರ ನಿಂತಿದ್ದ ಇಬ್ಬರು ನಕ್ಕರು.

ಮುರೈನಾ ನಗಲಿಲ್ಲ. "ನಿಲ್ಸು, ನಿಲ್ಸು. ಲಾಸುಪೊ, ಇದು ತಿಯಾಮಿಯು ಅಲ್ಲ ಕಣಯ್ಯ. ತಿಪ್ಪೆ ಮೇಲೆ ಹತ್ತಿದ ಹುಂಜ."

"ಅವನು ಹುಂಜಾನೇ ಅಲ್ವಾ?"

ಮಾವಿನ ಮರದ ಕೆಳಗೆ ಎತ್ತರದ ಸ್ಟೂಲಿನ ಮೇಲೆ ಕುಳಿತಿದ್ದ ತಿಯಾಮಿಯು ಎಲ್ಲರಿಗಿಂತ ಜೋರಾಗಿ ನಕ್ಕ. "ಬಿಡಿ ಮುರೈನಾ ಅಣ್ಣ, ಚೆನ್ನಾಗೇ ಇದೆ. ಕೊಕ್ಕರಕೋ ಒಂದು ಬಾಕಿ ಅಷ್ಟೆ."

ಮತ್ತೆ ನಾಲ್ಕು ಸಲ ತೆಗೆದರು. ನಾಲ್ಕೂ ಸಲ ಹುಂಜವೇ ಬಂತು. ಮುರೈನಾ ಗಡಿಯಾರ ನೋಡಿ, "ಇರ್ಲಿ, ನಾಳೆ ನೋಡೋಣ" ಎಂದು ತಿಯಾಮಿಯುವಿನ ಕಡೆ ತಿರುಗಿದ.

ತಿಯಾಮಿಯುವಿನ ಮೈಮೇಲೆ ಸಾಹುಕಾರನ ನೀಲಿ ಅಗ್ಬಾದಾ ನಿಲುವಂಗಿ. ಅದೇ ಹೊಟ್ಟೆ, ಅದೇ ಚಿನ್ನದ ಗಡಿಯಾರ. ಅವನು ಬಾಗಿಲ ಹತ್ತಿರ ಬಂದು ನಿಂತ. ಒಳಗೆ ಬರುವ ಮೊದಲು ಒಣಗಿದ್ದ ಚಪ್ಪಲಿಯನ್ನು ಹೊಸ್ತಿಲಿಗೆ ಎರಡು ಸಲ ಒರೆಸಿದ. ಒಳಗೆ ಐದು ಕುರ್ಚಿಗಳಿದ್ದವು. ಐದನ್ನೂ ಕಣ್ಣಲ್ಲಿ ಅಳೆದು ಬಾಗಿಲಿಗೆ ಹತ್ತಿರದ್ದನ್ನೇ ಹಿಡಿದು, ಅದರಲ್ಲೂ ಅರ್ಧಕ್ಕೆ ಮಾತ್ರ ಕುಳಿತ. ಜೊತೆಯ ನಟ ಮಾತಾಡತೊಡಗಿದಾಗ ತಿಯಾಮಿಯುವಿನ ತುಟಿಗಳು ಸದ್ದಿಲ್ಲದೆ ಅಲುಗಿದವು. ಆ ನಟನ ಮಾತುಗಳನ್ನು ಅವನಿಗಿಂತ ಒಂದು ಚೂರು ಮುಂಚೆ ಆಡಿಕೊಳ್ಳುತ್ತಿದ್ದವು. ಎಲ್ಲರೂ ನಕ್ಕಮೇಲೆ ಸುತ್ತ ಒಮ್ಮೆ ನೋಡಿ, ತಡವಾಗಿ, ಸಣ್ಣಗೆ ನಕ್ಕ. ಯಾರೋ ಇನ್ನೊಬ್ಬನನ್ನು ಹೊಗಳಿದರು. ತಿಯಾಮಿಯುವಿನ ಬಲಗೈ ಮೆಲ್ಲಗೆ ಮೇಲೆ ಹೋಗಿ ಕಿವಿಯ ತುದಿ ಹಿಡಿದು ಎಳೆಯತೊಡಗಿತು.

ಅಂಗಳದಲ್ಲಿ ಯಾರೂ ನೆಟ್ಟಗೆ ನಿಂತಿರಲಿಲ್ಲ. ಧ್ವನಿ ಹಿಡಿಯುವವನು ಬಾಯಿಗೆ ಬಟ್ಟೆ ತುರುಕಿಕೊಂಡಿದ್ದ. ಮೇಕಪ್ಪಿನ ಹುಡುಗಿ ಕಣ್ಣೀರು ಒರೆಸಿಕೊಳ್ಳುತ್ತ ಲಾಸುಪೊನ ಕಡೆ ತಿರುಗಿದವಳು ಮತ್ತೆ ಕಿಸಕ್ಕೆಂದಳು. ಆಗ ಲಾಸುಪೊ ತನ್ನ ಬಲಗೈಯನ್ನು ನೋಡಿಕೊಂಡ. ಅದು ಕಿವಿಯ ಮೇಲಿತ್ತು.

ಅವನು ಕೈಯನ್ನು ಜೇಬಿಗೆ ತಳ್ಳಿದ. ಗೇಲಿ ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ತಿಯಾಮಿಯು ಒಂದು ಗೆರೆಯನ್ನೂ ದಪ್ಪ ಮಾಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೊರೆನಿಕೆ ಊಟ ತಂದಳು. ಲಾಸುಪೊನ ಹೆಂಡತಿ, ಮೊಲೆಟೆ ಬಡಾವಣೆಯಲ್ಲಿ ಸಣ್ಣದೊಂದು ಊಟದಂಗಡಿ ಇಟ್ಟಿದ್ದಳು. ಈ ಚಿತ್ರದವರಿಗೆಲ್ಲ ಅವಳದೇ ಅಡುಗೆ. ದೊಡ್ಡ ಪಾತ್ರೆಯಲ್ಲಿ ಕಪ್ಪು ಅಮಲಾ ಮುದ್ದೆ, ಬೇರೆ ಪಾತ್ರೆಗಳಲ್ಲಿ ಎವೆದು ಸೊಪ್ಪಿನ ಸಾರು, ಮಾಂಸ. ಅವಳು ಇಳಿಸಿ ಮುಗಿಸುವಷ್ಟರಲ್ಲಿ ಮುರೈನಾ ತಲೆ ಕೆರೆದುಕೊಳ್ಳುತ್ತ ಬಂದ. ಮುಂದಿನ ದೃಶ್ಯದಲ್ಲಿ ಸಾಹುಕಾರನ ಮೈಯಲ್ಲಿರುವ ಡ್ರೈವರ್ ತಾಳಲಾರದೆ ತನ್ನ ಗುಡಿಸಲಿಗೆ ಹೋಗುತ್ತಾನೆ. ಹೆಂಡತಿಗೆ ಗುರುತು ಸಿಗುವುದಿಲ್ಲ. ಯಾರೋ ದೊಡ್ಡವರು ಬಂದಿದ್ದಾರೆಂದು ಊಟ ಬಡಿಸುತ್ತಾಳೆ. ಹೆಂಡತಿಯ ಪಾರ್ಟಿನವಳು ಬಂದಿರಲಿಲ್ಲ.

"ಮೊರೆನಿಕೆ, ನೀನೇ ಕೂತ್ಕೊಳಮ್ಮ. ಮುಖ ತೋರ್ಸಲ್ಲ, ಬೆನ್ನು ಮಾತ್ರ. ತಟ್ಟೆ ಕೊಡು, ಸುಮ್ನಿರು. ಅಷ್ಟೇ."

"ಮುಖ ತೋರ್ಸದಿದ್ರೆ ದುಡ್ಡು ಅರ್ಧ ಕೊಡ್ತೀರೇನೋ?" ಎಂದು ನಗುತ್ತ ಅವಳು ತಲೆಬಟ್ಟೆ ಬಿಗಿದುಕೊಂಡಳು.

ಲಾಸುಪೊ ಕ್ಯಾಮೆರಾದ ಹಿಂದೆ ನಿಂತ. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಹೆಂಡತಿಯ ಬೆನ್ನು, ಕತ್ತು, ಮತ್ತು ಅವಳ ಎದುರು ಕುಳಿತ ತಿಯಾಮಿಯುವಿನ ಮುಖ.

ತಿಯಾಮಿಯು ತಟ್ಟೆ ತೆಗೆದುಕೊಂಡ. ಮುದ್ದೆ ಮುರಿಯಲಿಲ್ಲ. ಮಾಂಸದ ತುಂಡನ್ನು ಎರಡು ಮಾಡಿ, ದೊಡ್ಡದನ್ನು ತಟ್ಟೆಯ ಆಚೆ ಅಂಚಿಗೆ, ಅವಳ ಕಡೆಗೆ ಸರಿಸಿದ. ಆಮೇಲೆ ತಲೆ ಎತ್ತಿ, ಬರಹದಲ್ಲಿ ಎಲ್ಲೂ ಇಲ್ಲದ ಒಂದು ಮಾತು ಕೇಳಿದ.

"ನೀನು ತಿಂದ್ಯಾ?"

ದನಿ ತಿಯಾಮಿಯುವಿನದಲ್ಲ. ಕೊನೆಯ ಅಕ್ಷರದಲ್ಲಿ ಚೂರು ನಾಚಿಕೊಂಡಂತೆ ಇಳಿಯುವ ದನಿ. ಲಾರಿಯ ದಿನಗಳಲ್ಲಿ, ಕಂಪನಿಯಲ್ಲಿ ಕುಣಿಯುತ್ತಿದ್ದ ಹದಿನೆಂಟರ ಹುಡುಗಿಯೊಬ್ಬಳ ಮುಂದೆ, ಪ್ರತಿ ಊಟಕ್ಕೂ ಹೀಗೆ ಕೇಳುತ್ತಿದ್ದವನೊಬ್ಬನಿದ್ದ. ಅವನು ತಾನೇ ಎಂದು ನೆನಪಾಗಲು ಲಾಸುಪೊನಿಗೆ ಒಂದು ಕ್ಷಣ ಹಿಡಿಯಿತು.

ಮೊರೆನಿಕೆಯ ಕೈ ಗಾಳಿಯಲ್ಲೇ ಇತ್ತು. ತಟ್ಟೆ ಕೊಟ್ಟ ಮೇಲೂ ಆ ಕೈ ಕೆಳಗಿಳಿಯಲಿಲ್ಲ. ಅವಳ ಮುಖ ಹೇಗಿತ್ತೋ! ಅದು ಕಂಡದ್ದು ತಿಯಾಮಿಯು ಒಬ್ಬನಿಗೇ. ಅವನ ಕಣ್ಣಲ್ಲಿ ಅದರ ಬೆಳಕು ಬಿದ್ದದ್ದನ್ನು ಮಾತ್ರ ಲಾಸುಪೊ ನೋಡಿದ. ನೆತ್ತಿಯಿಂದ ಉಗುರಿನವರೆಗೆ ಅವನಿಗೆ ಒಂದೇ ಆಸೆಯಾಯಿತು: ಕ್ಯಾಮೆರಾವನ್ನು ಒದ್ದು ಬೀಳಿಸಬೇಕು. ತನ್ನ ಹೆಂಡತಿ ತಿಯಾಮಿಯುವನ್ನು ಹಾಗೆ ನೋಡಿದ್ದರೆ ಹೊಡೆದಾಡಬಹುದಿತ್ತು. ಅವಳು ನೋಡಿದ್ದು ಲಾಸುಪೊನನ್ನು. ಆದರೆ ಅದು ತಾನಲ್ಲ. ಇಂಥ ಕಿಚ್ಚಿಗೆ ಯಾರ ಕೊರಳಪಟ್ಟಿ ಹಿಡಿಯುವುದು?

ಮುರೈನಾ 'ನಿಲ್ಸು' ಎನ್ನುವುದನ್ನೇ ಮರೆತಿದ್ದ.

ಸಂಜೆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಹಿಂದೆ ನಿಂತು ಲಾಸುಪೊ ಶುರುಮಾಡಿದ.

"ಟೋಪಿ ಆಯ್ತು. ಈಗ ನನ್ನನ್ನೇ ಕದ್ದ."

"ಕದಿಯೋದಕ್ಕೆ ಅದು ನಿಮ್ಮ ಹತ್ರ ಎಲ್ಲಿತ್ತು, ತೋಪೆ ಅಪ್ಪಾ?" ಎಂದಿನಂತೆ ಮಗುವಿನ ಹೆಸರು ಹಿಡಿದೇ ಗಂಡನನ್ನು ಕರೆದ ಮೊರೆನಿಕೆ ತಿರುಗಲಿಲ್ಲ. "ಹನ್ನೆರಡು ವರ್ಷ ಆಯ್ತು ನೀವು ನನ್ನನ್ನ ಹಾಗೆ ಕೇಳಿ."

"ಓಹೋ, ಲೆಕ್ಕ ಇಟ್ಟಿದೀಯ."

"ಹಸಿದವರು ಲೆಕ್ಕ ಇಡ್ತಾರೆ."

ಲಾಸುಪೊನಿಗೆ ಸಿಟ್ಟು ನೆತ್ತಿಗೇರಿತು. "ಹೋಗು ಹಾಗಾದ್ರೆ. ಅವನಿಗೇ ಬಡಿಸು ಹೋಗು. ಅರಮನೇಲಿ ಕೂತು, ಹಾಹ್ಹಾ ಅಂತ ನಗ್ತಾನಲ್ಲ, ಆ ನಗು ಕೇಳ್ಕೊಂಡು ಬಿದ್ದಿರು."

ಅವಳು ಕೈ ಒರೆಸಿಕೊಂಡು ತಿರುಗಿದಳು. ಮುಖದಲ್ಲಿ ಸಿಟ್ಟಿಗಿಂತ ಬೇಸರವಿತ್ತು. "ಆ ನಗು ಯಾಕೆ ಅಂತ ಗೊತ್ತಾ ನಿಮಗೆ? ನಾನು ಊಟ ಹಾಕೋಳು, ಕೂರೋರನ್ನೂ ಏಳೋರನ್ನೂ ನೋಡೋದೇ ನನ್ನ ಕೆಲ್ಸ. ಆ ಮನುಷ್ಯ ಚಾಪೆ ಮೇಲೆ ಕೂತಿದ್ದು ನೋಡಿದೀರಾ? ಸ್ಟೂಲೇ ಬೇಕು. ಏಳುವಾಗ ಮಂಡಿ ಕಿತ್ಕೊಂಡು ಬರುತ್ತೆ, ನರಳೋದನ್ನ ನಗು ಮಾಡ್ಕೊಂಡಿದಾನೆ. ಓಲಾಡ್ಕೊಂಡು ನಡೆಯೋದು ಗತ್ತು ಅಂದ್ಕೊಂಡ್ರಾ? ಎಡಗಾಲಿಗೆ ಭಾರ ಬೀಳದ ಹಾಗೆ ನಡೀತಾನೆ, ಪಾಪ. ಟೋಪಿ ಚಿಮ್ಮೋದು ಬಿಟ್ಟು ಎಷ್ಟು ವರ್ಷ ಆಯ್ತು ಹೇಳಿ? ಆ ಟೋಪಿ ಟೋಪಿ ಅಂತ ಸಾಯ್ತೀರಲ್ಲ, ಅದಾದ್ರೂ ಕಣ್ಣಿಗೆ ಬಿದ್ದಿದೆಯಾ?"

ಬಿದ್ದಿತ್ತು. ಆರು ವರ್ಷ. ಈಗ ಅದರ ಹಂಗೂ ಬೇಕಿಲ್ಲದಷ್ಟು ದೊಡ್ಡವನಾಗಿದ್ದಾನೆ ಎಂದು ಲಾಸುಪೊ ಅದಕ್ಕೂ ಹೊಟ್ಟೆ ಉರಿದುಕೊಂಡಿದ್ದ.

ಅವನು ಹಾಸಿಗೆಯ ಅಂಚಿನಲ್ಲಿ ಕುಳಿತ. ಎದೆ ಎಂಬ ಊರಿನಲ್ಲಿ ಆಡಿದ ಒಂದು ಆಟ ನೆನಪಾಯಿತು. ಹಲಗೆ ಮುರಿದು ತಿಯಾಮಿಯು ರಂಗದಿಂದ ಕೆಳಗೆ ಬಿದ್ದಿದ್ದ. ಜನ ಅದನ್ನೂ ಆಟವೆಂದೇ ತಿಳಿದು ಚಪ್ಪಾಳೆ ಹೊಡೆದಿದ್ದರು. ಅವನು ಎದ್ದು, ಜೋರಾಗಿ ನಕ್ಕು, ಮುಂದಿನ ಮಾತು ಹೇಳಿದ್ದ. ಬೀಳುವುದರಲ್ಲೂ ಚಪ್ಪಾಳೆ ಗಿಟ್ಟಿಸುತ್ತಾನಲ್ಲ ಎಂದು ಲಾಸುಪೊ ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದ.

ಮರುದಿನ ಮನೆಯ ಮೆಟ್ಟಿಲ ಮೇಲೆ ದೃಶ್ಯ. ಸಾಹುಕಾರನ ಮನಸ್ಸಿನ ಡ್ರೈವರ್ ಕೆಳಗಿನ ಕುರ್ಚಿಯಿಂದ ಎದ್ದು ಮೇಲಿನ ಕೋಣೆಗೆ ಹೋಗಬೇಕು. ಲಾಸುಪೊ ಯಾರಿಗೂ ಹೇಳದೆ ಎಡ ಮೊಣಕಾಲಿನ ಹಿಂದೆ ಹರಳು ಗಿಡದ ಒಣ ಕಡ್ಡಿಯೊಂದನ್ನು ಬಟ್ಟೆಯಿಂದ ಬಿಗಿದುಕೊಂಡ. ಮಡಿಸಿದರೆ ಚುಚ್ಚುತ್ತಿತ್ತು. ಮಡಿಸದೆ ಏಳಲು ಆಗುತ್ತಿರಲಿಲ್ಲ.

ಕ್ಯಾಮೆರಾ ಶುರುವಾಯಿತು. ಲಾಸುಪೊ ಏಳಲು ಹೋದ. ಕಡ್ಡಿ ಚುಚ್ಚಿತು. ನೋವು ಗಂಟಲಿಗೆ ಬಂದದ್ದೇ ಅದನ್ನು ಏನು ಮಾಡಬೇಕೆಂದು ಮೈಗೆ ತಾನಾಗಿ ತಿಳಿಯಿತು: 'ಹಾಹ್ಹಾ!' ನಗು ಸಿಡಿಯಿತು. ಭುಜ ಎದ್ದಿತು. ಕಾಲ ಮೇಲಿನ ಭಾರ ಇನ್ನೊಂದಕ್ಕೆ ದಾಟಲು ಅಷ್ಟು ಎತ್ತಲೇಬೇಕಿತ್ತು. ಅವನು ಮೆಟ್ಟಿಲ ಬುಡಕ್ಕೆ ಬಂದು, ಮೇಲೆ ನೋಡಿ, ಅಲ್ಲಿ ಯಾರೋ ಕರೆದಂತೆ ಕೈ ಬೀಸಿದ. ಆ ಬೀಸುವಿಕೆಯಲ್ಲಿ ಒಂದು ಉಸಿರಿನ ಬಿಡುವು ಸಿಕ್ಕಿತು. ಎರಡು ಮೆಟ್ಟಿಲು ಹತ್ತಿ ಗೋಡೆಯನ್ನು ಪ್ರೀತಿಯಿಂದ ತಟ್ಟಿದ, ಮನೆ ಎಷ್ಟು ಗಟ್ಟಿ ಎಂದು ನೋಡುವ ಯಜಮಾನನಂತೆ. ಮತ್ತೊಂದು ಉಸಿರು. ತಿಯಾಮಿಯು ಹೋದ ಮನೆಗಳಲ್ಲೆಲ್ಲ ಗೋಡೆ ತಟ್ಟುತ್ತಿದ್ದದ್ದು, ನಡುದಾರಿಯಲ್ಲಿ ನಿಂತು ಯಾರಿಗೋ ಕೈ ಬೀಸುತ್ತಿದ್ದದ್ದು, ಇಪ್ಪತ್ತು ವರ್ಷಗಳಿಂದ ಕಂಡು ಕರುಬಿದ್ದ ಒಂದೊಂದು ಗತ್ತೂ ಈಗ ಕಾಲಿನಿಂದ ಮೇಲಕ್ಕೆ ಬಿಚ್ಚಿಕೊಳ್ಳುತ್ತ ಬಂತು. ಮೇಲಿನ ಮೆಟ್ಟಿಲು ತಲುಪಿದಾಗ ಲಾಸುಪೊನ ಮುಖದಲ್ಲಿ ನಗು ಇತ್ತು, ಕಣ್ಣಲ್ಲಿ ನೀರಿತ್ತು.

ಯಾರೂ ನಗಲಿಲ್ಲ. ಮುರೈನಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಲಾಸುಪೊ," ಎಂದ, ಅಷ್ಟೆ.

ತಿಯಾಮಿಯು ಸ್ಟೂಲಿನ ಮೇಲಿದ್ದ. ಅವನ ಮುಖದ ಮೇಲಿನ ನಗು ದೀಪ ಆರಿಸಿದಂತೆ ಆರಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಅವನ ಎಡಗಾಲನ್ನು ನೋಡಿದರು.

ಸ್ವಲ್ಪ ಹೊತ್ತಿಗೆ ತಿಯಾಮಿಯು ಲಾಸುಪೊನನ್ನು ಚಪ್ಪಲಿ ತೂಗುಹಾಕಿದ ಕೋಣೆಗೆ ಕರೆದು ಬಾಗಿಲು ಎಳೆದುಕೊಂಡ. ತಲೆಯ ಮೇಲೆ ಚಪ್ಪಲಿಗಳು ಮೆಲ್ಲಗೆ ತಿರುಗುತ್ತಿದ್ದವು.

"ಯಾರು ಹೇಳಿದ್ರು ಅಣ್ಣಾ?"

"ಮೊರೆನಿಕೆ."

"ಹ್ಞಾ. ಅವರಿಗೆ ಕಣ್ಣಿದೆ."

ಆ ಮಾತೂ ಲಾಸುಪೊನಿಗೆ ಚುಚ್ಚಿತು. ತಿಯಾಮಿಯು ಗೋಡೆಗೆ ಒರಗಿ ನಿಂತ. ಲಾಗೋಸಿನವರು ಮೂರು ಭಾಗದ ಯುದ್ಧದ ಸಿನಿಮಾ ತೆಗೆಯುತ್ತಿದ್ದಾರೆ, ಸೇನಾಪತಿಯ ಪಾರ್ಟು ತನಗೆ ಹೇಳಿದ್ದಾರೆ, ಕುದುರೆ ಹತ್ತಬೇಕು ಎಂದ. ಇದನ್ನು ನೋಡಿದರೆ ಅವರು ಇನ್ನೊಬ್ಬನನ್ನು ಹುಡುಕುತ್ತಾರೆ. ಹೇಳುವಾಗ ದೊಡ್ಡ ಮನುಷ್ಯನ ದನಿ ಇರಲಿಲ್ಲ. ಲಾಸುಪೊನಿಗೆ ಒಳಗೊಳಗೇ ಬೆಲ್ಲ ಕರಗಿದಂತಾಯಿತು. ಈ ಮನುಷ್ಯ ತನ್ನ ಮುಂದೆ ಕೈಯೊಡ್ಡಿ ನಿಂತಿದ್ದಾನೆ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ.

"ಮುರೈನಾಗೆ ಹೇಳ್ತೀನಿ," ಎಂದ ಲಾಸುಪೊ. "ಕಾಲು ಜಾರಿತು, ಮತ್ತೆ ತೆಗೆಯೋಣ ಅಂತ. ಹುಂಜಾನೇ ಮಾಡ್ತೀನಿ. ಆದ್ರೆ ನೀನೂ ಒಂದು ದೃಶ್ಯ ಕಿತ್ತು ಹಾಕಿಸ್ಬೇಕು."

"ಏನು?"

"ತಟ್ಟೆ."

ತಿಯಾಮಿಯು ಬಗ್ಗಿ ಮೊಣಕಾಲು ಉಜ್ಜಿಕೊಂಡ. ಮುಚ್ಚಿಡುವುದಕ್ಕೆ ಇನ್ನು ಕಾರಣವಿರಲಿಲ್ಲ. "ಟೋಪಿ ಕೇಳಿ ಅಣ್ಣಾ, ಕೊಡ್ತೀನಿ. ಅದನ್ನ ನಾನು ಕದ್ದಿದ್ದೇ ಹೌದು. ಊರ ಮುಂದೆ ಹೇಳು ಅಂದ್ರೆ ಹೇಳ್ತೀನಿ."

ಈ ಮಾತಿಗಾಗಿ ಲಾಸುಪೊ ಇಡೀ ಪ್ರಾಯ ಕಾದಿದ್ದ. ಬಂದಾಗ ಅದು ಬಸ್ಸು ಹೋದ ಮೇಲೆ ಸಿಕ್ಕ ಟಿಕೀಟಿನಂತಿತ್ತು. "ಟೋಪಿ ನೀನೇ ಇಟ್ಕೊ. ತಟ್ಟೆ ಕಿತ್ತು ಹಾಕಿಸು."

"ಆಗಲ್ಲ."

"ಹಾಗಾದ್ರೆ ನಿನ್ನ ಮಂಡಿ ಇರುತ್ತೆ."

"ಇರ್ಲಿ."

"ಕುದುರೆ ಹೋಗುತ್ತೆ ಕಣೋ."

"ಹೋಗ್ಲಿ ಅಣ್ಣಾ." ತಿಯಾಮಿಯು ಬಾಗಿಲ ಹಿಡಿಕೆಗೆ ಕೈ ಹಾಕಿದ. "ನಿನ್ನೆ ಬೆಳಗ್ಗೆ ಮಾಡಿದ್ದು, ಕಿವಿ ಎಳೆಯೋದು, ಚಪ್ಪಲಿ ಒರೆಸೋದು, ಅದು ಕೋತಿಚೇಷ್ಟೆ. ಯಾರು ಬೇಕಾದ್ರೂ ಮಾಡ್ತಾರೆ. ಆ ತಟ್ಟೆ ಇಲ್ದಿದ್ರೆ ಜನ ನಿಮ್ಮನ್ನ ನೋಡಿ ಬರೀ ನಗ್ತಾರೆ. ನಾನು ನಿಮ್ಮ ಕೈಯಿಂದ ಅರ್ಧ ಗೆಣಸು ತಿಂದು ದೊಡ್ಡವನಾದೋನು. ನಿಮ್ಮನ್ನ ಬರೀ ನಗೆಗೇಡು ಮಾಡಿ ನಾನು ಕುದುರೆ ಹತ್ಲಾ?"

ಅವನು ಹೊರಗೆ ಹೋದ. ಓಲಾಡದೆ, ಕುಂಟುತ್ತ ಹೋದ. ಲಾಸುಪೊ ಚಪ್ಪಲಿಗಳ ಕೆಳಗೆ ಒಬ್ಬನೇ ನಿಂತ. ಗೆದ್ದವನು ತಾನು, ಆದರೂ ಕರುಬುವುದಕ್ಕೆ ಹೊಸದೊಂದು ಸಿಕ್ಕಿತ್ತು. ಒಂದು ಆಟಕ್ಕಾಗಿ ಅಷ್ಟನ್ನು ಬಿಟ್ಟುಕೊಡಲು ತನ್ನಿಂದ ಆಗುತ್ತಿತ್ತೇ? ಮೊಣಕಾಲಿನಿಂದ ಕಡ್ಡಿ ಬಿಚ್ಚಲು ಬಗ್ಗಿದಾಗ, ಮುರೈನಾನ ಹತ್ತಿರ ಹೋಗಿ 'ಮತ್ತೆ ತೆಗೆಯೋಣ' ಎನ್ನುವುದು ಈಗಲೂ ತನ್ನ ಕೈಯಲ್ಲಿದೆ ಎಂದು ಹೊಳೆಯಿತು. ಬಾಗಿಲವರೆಗೆ ಹೋದ. ಅಂಗಳದಲ್ಲಿ ಮುರೈನಾ ಆ ಶಾಟನ್ನು ಪುಟ್ಟ ಪರದೆಯಲ್ಲಿ ಮತ್ತೆ ಹಾಕಿ ಎಲ್ಲರಿಗೂ ತೋರಿಸುತ್ತಿದ್ದ. "ನೋಡಿ, ನೋಡಿ, ಇಲ್ಲಿ ಕಣ್ಣು ನೋಡಿ," ಎನ್ನುತ್ತಿದ್ದ. ಲಾಸುಪೊನ ಬಗ್ಗೆ ಯಾರೂ ಹಾಗೆ ಮಾತಾಡಿದ್ದು ಅವನು ಕೇಳಿರಲಿಲ್ಲ. ಅವನು ಬಾಗಿಲಲ್ಲೇ ನಿಂತ. ಹೇಳಲಿಲ್ಲ.

ಎರಡೂ ದೃಶ್ಯಗಳು ಉಳಿದವು.

ಹಬ್ಬದ ರಜೆಯಲ್ಲಿ ಸಿನಿಮಾ ಮೊಕೊಲಾ ಗುಡ್ಡದ ಮೇಲಿನ ಸಭಾಂಗಣದಲ್ಲಿ ಮೊದಲ ಪ್ರದರ್ಶನ ಕಂಡಿತು. ಅಷ್ಟರಲ್ಲಿ ಲಾಗೋಸಿನವರು ತುಣುಕು ನೋಡಿ, ಸೇನಾಪತಿಯ ಪಾರ್ಟನ್ನು ಅಬೆಒಕುಟಾದ ಯಾವನೋ ಯುವಕನಿಗೆ ಕೊಟ್ಟ ಸುದ್ದಿ ಬಂದಿತ್ತು. ಲಾಸುಪೊ ಅದನ್ನು ಸವಿಯಲು ನೋಡಿದ. ನಾಲಿಗೆಗೆ ಏನೂ ಹತ್ತಲಿಲ್ಲ.

ಮಧ್ಯಾಹ್ನ ಮೂರು ಗಂಟೆಯ ಆಟ. ಕೂರಲು ಜಾಗವಿಲ್ಲದೆ ಜನ ಗೋಡೆಗಂಟಿ ನಿಂತಿದ್ದರು. ಚಪ್ಪಲಿ ಒರೆಸಿದಾಗ ಸಭಾಂಗಣ ಹಾರಿಹೋಗುವಷ್ಟು ನಕ್ಕರು. ಲಾಸುಪೊ ಎರಡೂ ಕೈಯನ್ನು ತೊಡೆಗಳ ಕೆಳಗೆ ಒತ್ತಿಟ್ಟುಕೊಂಡಿದ್ದ. ತಟ್ಟೆಯ ದೃಶ್ಯ ಬಂತು. ತೆರೆಯ ಮೇಲಿನ ಬೆನ್ನು ಪಕ್ಕದಲ್ಲೇ ಕುಳಿತಿತ್ತು. ಮೊರೆನಿಕೆ ತೆರೆ ಬಿಟ್ಟು ತನ್ನ ಬಳೆಗಳನ್ನೇ ನೋಡುತ್ತಿದ್ದಳು. ಹಿಂದಿನ ಸಾಲಿನ ಹೆಂಗಸೊಬ್ಬಳು ಮೂಗು ಒರೆಸಿಕೊಂಡು, "ಇಂಥ ಗಂಡ ಸಿಕ್ಕಿದ್ರೆ ಗುಡಿಸ್ಲಲ್ಲೇ ಇರ್ತಿದ್ದೆ ಕಣೇ" ಎಂದಳು. ಮೊರೆನಿಕೆ ಬಾಯಿಗೆ ತಲೆಬಟ್ಟೆಯ ಅಂಚು ಒತ್ತಿಕೊಂಡಳು. ನಗುವೋ ಇನ್ನೇನೋ ಲಾಸುಪೊನಿಗೆ ಗೊತ್ತಾಗಲಿಲ್ಲ; ಕೇಳುವ ಧೈರ್ಯವೂ ಬರಲಿಲ್ಲ.

ಆಮೇಲೆ ಮೆಟ್ಟಿಲು. ಅವನ ಮೆಟ್ಟಿಲು. ಅವನು ಗೋಡೆ ತಟ್ಟಿದಾಗ ಕತ್ತಲಲ್ಲಿ ಮುದುಕಿಯೊಬ್ಬಳ ದನಿ ಎದ್ದಿತು: "ಅಯ್ಯೋ, ನನ್ನ ಮಗ ತಿಯಾಮಿಯುಗೆ ಕಾಲು ಅಷ್ಟೊಂದು ನೋಯುತ್ತಾ?" ಆ ಮಾತು ಸಾಲಿನಿಂದ ಸಾಲಿಗೆ ಹರಿಯಿತು. ಪಾಪ ತಿಯಾಮಿಯು. ಎಷ್ಟು ವರ್ಷದಿಂದಲೋ. ನಮ್ಮನ್ನ ನಗಿಸ್ತಾ ನಗಿಸ್ತಾ. ಲಾಸುಪೊ ಹಲ್ಲು ಕಚ್ಚಿದ. ಕಡ್ಡಿ ಚುಚ್ಚಿದ್ದು ತನಗೆ, ನಡೆದವನು ತಾನು, ತೆರೆಯ ಮೇಲೆ ಇರುವುದೂ ತನ್ನ ಮುಖವೇ. ಮರುಕ ಮಾತ್ರ ದಾರಿ ತಪ್ಪದೆ ತಿಯಾಮಿಯುವಿನ ಮನೆ ಸೇರಿತು.

ಆಟ ಮುಗಿದಾಗ ಬಿಸಿಲು ಇನ್ನೂ ಇತ್ತು. ಸಭಾಂಗಣದ ಮುಂದೆ ಅಗಲವಾದ ಎತ್ತರದ ಮೆಟ್ಟಿಲುಗಳು, ಹಿಡಿದುಕೊಳ್ಳಲು ಕಂಬಿಯಿಲ್ಲ. ಕೆಳಗೆ ಜನ ಕಾದು ನಿಂತಿದ್ದರು. ಒಬ್ಬಳು ಎಲೆಯಲ್ಲಿ ಸುತ್ತಿದ ಶಿಯಾ ಬೀಜದ ಬೆಣ್ಣೆಯ ಉಂಡೆಯನ್ನು ತಿಯಾಮಿಯು ಮಂಡಿಗೆ ಹಚ್ಚಿಕೊಳ್ಳಲೆಂದು ಎತ್ತಿ ಹಿಡಿದಿದ್ದಳು. ಒಬ್ಬಿಬ್ಬರು ಲಾಸುಪೊನ ಭುಜ ತಟ್ಟಿ, "ಚೆನ್ನಾಗಿ ಮಾಡಿದ್ರಿ ಡ್ರೈವರಣ್ಣ" ಎಂದರು. ಕಣ್ಣು ಮಾತ್ರ ಮೇಲಿನ ಬಾಗಿಲ ಕಡೆಗೇ ಇತ್ತು.

ತಿಯಾಮಿಯು ಬಾಗಿಲಲ್ಲಿ ಕಾಣಿಸಿಕೊಂಡ. ಬಿಳಿಯ ನಿಲುವಂಗಿ. ಎಂದಿನ ನಗೆಗಾಗಿ ಜನ ಕಾದರು. ಅವನು ಮೆಟ್ಟಿಲುಗಳನ್ನು ಒಮ್ಮೆ ನೋಡಿದ. ಕೈ ಬೀಸಲಿಲ್ಲ, ಭುಜ ಎತ್ತಲಿಲ್ಲ. ಎಡಗಾಲನ್ನು ಮೊದಲ ಮೆಟ್ಟಿಲಿಗೆ ಇಳಿಸಿ, ಬಲಗಾಲನ್ನು ಅದರ ಪಕ್ಕಕ್ಕೆ ತಂದು ಜೋಡಿಸಿ ನಿಂತ. ಮತ್ತೆ ಎಡಗಾಲು, ಮತ್ತೆ ಬಲಗಾಲು ಪಕ್ಕಕ್ಕೆ. ಮುದುಕರು ಇಳಿಯುವ ಹಾಗೆ.

ಲಾಸುಪೊ ಗುಂಪಿನ ನಡುವೆ ಹೆಂಡತಿಯ ಹಿಂದೆ ನಿಂತಿದ್ದ. ಈ ನಡಿಗೆಯನ್ನು ಅವನು ಎಂದೂ ನೋಡಿರಲಿಲ್ಲ. ಮೇಲೆ ತಿಯಾಮಿಯುವಿನ ಒಂದೊಂದು ಕಾಲು ಇಳಿದಂತೆಲ್ಲ ಇಲ್ಲಿ ಸಮನೆಲದ ಮೇಲೆ ಲಾಸುಪೊನ ಎಡಗಾಲು ತಾನಾಗಿ ಹಗುರಾಗುತ್ತಿತ್ತು, ಭಾರ ಬಲಕ್ಕೆ ದಾಟುತ್ತಿತ್ತು. ಬೀಳದಂತೆ ಅವನು ಮೊರೆನಿಕೆಯ ಭುಜ ಹಿಡಿದ. ಪ್ರತಿ ಮೆಟ್ಟಿಲಿಗೂ ಅವನ ಬೆರಳುಗಳು ಬಿಗಿಯುತ್ತಿದ್ದವು, ಸಡಿಲುತ್ತಿದ್ದವು.

ಅವಳು ಕತ್ತು ಹೊರಳಿಸಿ ಆ ಕೈಯನ್ನು ನೋಡಿದಳು. ಆಮೇಲೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಅವನಿಗೆ ಎಟುಕುವ ಹಾಗೆ ಭುಜವನ್ನು ಒಂದಿಷ್ಟು ಹಿಂದಕ್ಕೆ ಕೊಟ್ಟು ನಿಂತಳು. ಮೇಲೆ ತಿಯಾಮಿಯುವಿಗೆ ಇನ್ನೂ ಏಳು ಮೆಟ್ಟಿಲು ಉಳಿದಿದ್ದವು.